ಒಂದು ಕ್ಯಾಸೆಟ್, ಎರಡು ಬಿಡುಗಡೆ

ಹಳೆಯ ಜಾಝ್ ಆಲ್ಬಂ ಒಂದು ಮತ್ತೆ ಬಿಡುಗಡೆಯಾಗಿದೆ ಎಂಬ ಸುದ್ದಿ ಓದಿದಾಗಲೆಲ್ಲ ನನ್ನಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ದುಡ್ಡು ಯಾರಿಗೆ? ಜಾಝ್ ಲೋಕದಲ್ಲಿ ಮರುಬಿಡುಗಡೆ ಎಂಬುದು ದೊಡ್ಡ ವ್ಯಾಪಾರ. ಐವತ್ತು ತುಂಬಿದ್ದಕ್ಕೆ ಒಂದು ಆವೃತ್ತಿ, ಅರವತ್ತು ತುಂಬಿದ್ದಕ್ಕೆ ಇನ್ನೊಂದು, ಅಂದು ಬೇಡವೆಂದು ಬಿಟ್ಟಿದ್ದ ಎರಡು ಟೇಕ್‌ಗಳನ್ನು ಸೇರಿಸಿ ಮತ್ತೊಂದು. ಒಂದೇ ಸಂಗೀತವನ್ನು ಮೂರು ನಾಲ್ಕು ಸಲ ಕೊಳ್ಳುವ ನಿಷ್ಠಾವಂತರೂ ಇದ್ದಾರೆ. ನುಡಿಸಿದವರು ಮಾತ್ರ ಆ ಹೊತ್ತಿಗೆ ತೀರಿಕೊಂಡಿರುತ್ತಾರೆ, ಇಲ್ಲವೇ ಹಕ್ಕನ್ನೆಲ್ಲ ಎಂದೋ ಕಂಪನಿಗೆ ಬರೆದುಕೊಟ್ಟಿರುತ್ತಾರೆ. ಈ ಮಾತಿಗೆ ಅಪವಾದಗಳು ಕಡಿಮೆ. ಇದ್ದವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಹೈಲು ಮೆರ್ಗಿಯಾ ಅವರದು.

ಮೆರ್ಗಿಯಾ ಇಥಿಯೋಪಿಯಾದವರು, 1946ರಲ್ಲಿ ಹುಟ್ಟಿದವರು. 1985ರಲ್ಲಿ ಅವರು ಅಮೆರಿಕದ ವಾಷಿಂಗ್ಟನ್‌ನಲ್ಲಿ ಕೂತು ಒಬ್ಬರೇ ಒಂದು ಕ್ಯಾಸೆಟ್ ಮಾಡಿದರು. ಅದು ಇಥಿಯೋಪಿಯಾದ ಅಂಗಡಿಗಳನ್ನು ಸೇರಿತು, ಕೆಲಕಾಲ ಮಾರಾಟವಾಯಿತು, ಮರೆಯಾಯಿತು. 2013ರಲ್ಲಿ ಅದೇ ಕ್ಯಾಸೆಟ್ ಎಲ್‌ಪಿಯಾಗಿ, ಸಿಡಿಯಾಗಿ ಜಗತ್ತಿನ ಅಂಗಡಿಗಳಿಗೆ ಬಂತು. ಆಗ ಅವರಿಗೆ ಅರವತ್ತೇಳು. ಮಾಡುತ್ತಿದ್ದ ಕೆಲಸ, ವಾಷಿಂಗ್ಟನ್ನಿನ ಡಲಸ್ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಓಡಿಸುವುದು.

ಇಲ್ಲಿಗೆ ನಿಲ್ಲಿಸಿದರೆ ಇದು ‘ಟ್ಯಾಕ್ಸಿ ಚಾಲಕನಿಗೆ ಒಲಿದ ಅದೃಷ್ಟ’ ಎಂಬ ಮಾಮೂಲಿ ಕಥೆಯಾಗುತ್ತದೆ. ಪಾಶ್ಚಾತ್ಯ ಪತ್ರಿಕೆಗಳು ಹೆಚ್ಚಾಗಿ ಹಾಗೆಯೇ ಬರೆದವು. ಆದರೆ ಮೆರ್ಗಿಯಾ ಯಾರೋ ಕಂಡುಹಿಡಿಯಲೆಂದು ಕಾಯುತ್ತಿದ್ದ ಅನಾಮಧೇಯರಲ್ಲ. 1970ರ ದಶಕದ ಅಡಿಸ್ ಅಬಾಬದಲ್ಲಿ ಅವರು ಆರ್ಗನ್ ನುಡಿಸುತ್ತಿದ್ದ ವಾಲಿಯಾಸ್ ಬ್ಯಾಂಡ್ ಎಂದರೆ ಊರಿಗೆಲ್ಲ ಗೊತ್ತು. ಆ ಹಿನ್ನೆಲೆ ತಿಳಿಯದೆ 1985ರ ಕ್ಯಾಸೆಟ್ಟಿನ ಒಂಟಿತನ ಅರ್ಥವಾಗುವುದಿಲ್ಲ.

ಇಥಿಯೋಪಿಯಾದಲ್ಲಿ ಜಾಝ್ ಬೇರುಬಿಟ್ಟ ದಾರಿಯೇ ವಿಚಿತ್ರ. ಮುಂದೆ ಹೈಲೆ ಸೆಲಾಸಿ ಎಂಬ ಹೆಸರಿನಲ್ಲಿ ಚಕ್ರವರ್ತಿಯಾದ ರಾಸ್ ತಫಾರಿ 1924ರಲ್ಲಿ ಜೆರುಸಲೇಮಿಗೆ ಹೋಗಿದ್ದಾಗ ಅಲ್ಲಿ ಅರ್ಮೇನಿಯಾದ ಅನಾಥ ಹುಡುಗರ ತುತ್ತೂರಿ ಮೇಳವೊಂದನ್ನು ಕೇಳಿ ಮೆಚ್ಚಿ, ನಲವತ್ತು ಹುಡುಗರನ್ನೂ ಅವರ ಗುರು ಕೆವೊರ್ಕ್ ನಲ್ಬಾಂಡಿಯನ್ ಅವರನ್ನೂ ಅಡಿಸ್ ಅಬಾಬಕ್ಕೆ ಕರೆತಂದರು. ಅಲ್ಲಿಂದ ಶುರುವಾದ ಬ್ಯಾಂಡ್ ಪರಂಪರೆ ಅರಮನೆಯ ಅಂಗರಕ್ಷಕ ದಳ, ಪೊಲೀಸ್ ಇಲಾಖೆ, ಸರಕಾರಿ ರಂಗಮಂದಿರಗಳಲ್ಲಿ ಬೆಳೆಯಿತು. ಸ್ಯಾಕ್ಸೊಫೋನ್ ಊದುವವನು ಸಮವಸ್ತ್ರ ತೊಟ್ಟ ಸರಕಾರಿ ನೌಕರ. ಧ್ವನಿಮುದ್ರಿಕೆ ಹೊರತರುವ ಹಕ್ಕೂ ಸರಕಾರದ್ದೇ. ಆ ಏಕಸ್ವಾಮ್ಯವನ್ನು 1969ರಲ್ಲಿ ಅಮ್ಹಾ ಎಶೆತೆ ಎಂಬ ಯುವಕ ಧೈರ್ಯಮಾಡಿ ಮುರಿದು, ತನ್ನದೇ ಹೆಸರಿನಲ್ಲಿ ಕಂಪನಿ ತೆರೆದ. ಖಾಸಗಿ ಕ್ಲಬ್ಬುಗಳೂ ಅದೇ ಕಾಲಕ್ಕೆ ಹುಟ್ಟಿಕೊಂಡವು. ಅಲ್ಲಿ ಇನ್ನೊಂದು ಬಗೆಯ ಹಿಡಿತ. ಗಿಟಾರು, ಡ್ರಮ್ಸು, ಆರ್ಗನ್ನು ಎಲ್ಲವೂ ಕ್ಲಬ್ಬಿನ ಮಾಲೀಕನವು. ಮಾಲೀಕನ ಜೊತೆ ಮುನಿಸಾದರೆ ವಾದಕ ಬರಿಗೈಯಲ್ಲಿ ಹೊರಬೀಳಬೇಕು.

ವಾಲಿಯಾಸ್ ಮಾಡಿದ ಜಾಣತನ ಎಂದರೆ ತಮ್ಮ ವಾದ್ಯಗಳನ್ನು ತಾವೇ ಕೊಂಡದ್ದು. ಕೇಳಲು ಸಣ್ಣ ವಿಷಯ, ಆದರೆ ಅವರ ಉಳಿದೆಲ್ಲ ಸ್ವಾತಂತ್ರ್ಯವೂ ಅಲ್ಲಿಂದ ಬಂತು. ಬ್ಯಾಂಡಿಗೆ ಇಥಿಯೋಪಿಯಾದ ಬೆಟ್ಟಗಳಲ್ಲಿ ಮಾತ್ರ ಸಿಗುವ ವಾಲಿಯಾ ಎಂಬ ಕಾಡುಮೇಕೆಯ ಹೆಸರಿಟ್ಟುಕೊಂಡು, ಊರಿನ ಹಿಲ್ಟನ್ ಹೋಟೆಲಿನಲ್ಲಿ ವರ್ಷಗಟ್ಟಲೆ ನುಡಿಸಿದರು. ಊಟದ ಹೊತ್ತಿಗೆ ವಿದೇಶಿ ಅತಿಥಿಗಳಿಗೆ ಬೇಕಾದ ಹಗುರ ಜಾಝ್, ರಾತ್ರಿ ಏರಿದಂತೆ ಕುಣಿಯುವವರಿಗೆ ಬೇಕಾದ ಬಿಸಿ ಲಯ.

1974ರಲ್ಲಿ ಚಕ್ರವರ್ತಿಯನ್ನು ಇಳಿಸಿ ‘ದೆರ್ಗ್’ ಎಂಬ ಸೈನಿಕ ಆಡಳಿತ ಬಂತು. ಮಧ್ಯರಾತ್ರಿಯಿಂದ ಬೆಳಗಿನವರೆಗೆ ಕರ್ಫ್ಯೂ. ಕ್ಲಬ್ಬಿಗೆ ಬಂದವರು ಬಾಗಿಲು ಹಾಕಿಕೊಂಡು ಬೆಳಗಾಗುವವರೆಗೆ ಒಳಗೇ ಉಳಿಯುವುದು, ಬ್ಯಾಂಡಿನವರು ಅಷ್ಟು ಹೊತ್ತೂ ನುಡಿಸುವುದು ರೂಢಿಯಾಯಿತು. ಹೊರಗೆ ‘ಕೆಂಪು ಭಯೋತ್ಪಾದನೆ’ಯಲ್ಲಿ ಸಾವಿರಾರು ಜನ ಸಾಯುತ್ತಿದ್ದ ವರ್ಷಗಳವು. ಹಾಡಿನ ಸಾಹಿತ್ಯಕ್ಕೆ ಸೆನ್ಸಾರ್ ಇತ್ತು. ಪದವಿಲ್ಲದ ಸಂಗೀತದಲ್ಲಿ ಅಧಿಕಾರಿಗಳು ಹೊಡೆದುಹಾಕಲು ಸಾಲುಗಳೇ ಇರಲಿಲ್ಲ. 1977ರಲ್ಲಿ ಬಂದ ವಾಲಿಯಾಸ್‌ನ ‘ಚೆ ಬೆಲೆವ್’ ಬರೀ ವಾದ್ಯಸಂಗೀತದ ಎಲ್‌ಪಿ. ಆ ದೇಶದಲ್ಲಿ ಅದು ಅಪರೂಪವೇ. ವೈಬ್ರಫೋನ್ ನುಡಿಸಿದವರು ‘ಇಥಿಯೋ ಜಾಝ್’ ಶೈಲಿಯ ಹರಿಕಾರ ಎನಿಸಿಕೊಂಡ ಮುಲಾತು ಅಸ್ತಾತ್ಕೆ. ಅದರಲ್ಲಿರುವ, ಗಿರ್ಮಾ ಬೆಯೆನೆ ಸಂಯೋಜಿಸಿದ ‘ಮುಝಿಕಾವಿ ಸಿಲ್ತ್’ ಎಂಬ ಧುನ್ ಇಂದಿಗೂ ನ್ಯೂಯಾರ್ಕಿನಿಂದ ಯುರೋಪಿನವರೆಗೆ ಬ್ಯಾಂಡುಗಳ ಕೈಯಲ್ಲಿ ಸುತ್ತುತ್ತಿದೆ.

1981ರಲ್ಲಿ ವಾಲಿಯಾಸ್ ಅಮೆರಿಕ ಪ್ರವಾಸಕ್ಕೆ ಹೊರಟಿತು. ಕೇಳುಗರಾಗಿ ಸಿಕ್ಕವರು ಹೆಚ್ಚಾಗಿ ದೇಶ ಬಿಟ್ಟು ಬಂದಿದ್ದ ಇಥಿಯೋಪಿಯನ್ನರೇ. ಪ್ರವಾಸ ಮುಗಿದಾಗ ಕೆಲವರು ಊರಿಗೆ ಮರಳಿದರು, ಕೆಲವರು ಅಲ್ಲೇ ಉಳಿದರು. ಬ್ಯಾಂಡ್ ಒಡೆಯಿತು. ಉಳಿದವರಲ್ಲಿ ಮೆರ್ಗಿಯಾ ಒಬ್ಬರು, ಗಿರ್ಮಾ ಬೆಯೆನೆ ಇನ್ನೊಬ್ಬರು. ಬೆಯೆನೆ ಮುಂದೆ ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕೆ ನಿಂತರು. ಮೆರ್ಗಿಯಾ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿದರು. ಸಂಜೆ ಅಲ್ಲಿಲ್ಲಿ ನುಡಿಸಿದರು.

ನಮ್ಮ ಲೇಖನದ ನಾಯಕ ಆ ಕ್ಯಾಸೆಟ್ಟು ಹುಟ್ಟಿದ್ದು ಇಂಥ ದಿನಗಳಲ್ಲಿ. ಅದರ ಪೂರ್ತಿ ಹೆಸರು ‘ಹೈಲು ಮೆರ್ಗಿಯಾ ಮತ್ತು ಅವರ ಶಾಸ್ತ್ರೀಯ ವಾದ್ಯ: ಶೆಮೊನ್ಮುವನಾಯೆ’ ಎಂದಾಗುತ್ತದೆ. ಶಾಸ್ತ್ರೀಯ ವಾದ್ಯ ಎಂದಾಗ ನಾವು ವೀಣೆಯಂಥದ್ದೇನನ್ನೋ ನಿರೀಕ್ಷಿಸುತ್ತೇವೆ. ಇಲ್ಲಿರುವುದು ಅಕಾರ್ಡಿಯನ್. ತಿದಿಯಿಂದ ಗಾಳಿ ಒತ್ತಿ ಲೋಹದ ಪಟ್ಟಿಗಳನ್ನು ಮಿಡಿಸುವ, ನಮ್ಮ ಹಾರ್ಮೋನಿಯಮ್ಮಿನ ಕುಲದ್ದೇ ವಾದ್ಯ. ಮೆರ್ಗಿಯಾ ಹದಿಹರೆಯದಲ್ಲಿ ಯಾರ ಹಂಗೂ ಇಲ್ಲದೆ ಕಲಿತದ್ದು ಅದನ್ನು. ಒಂದು ಕಾಲಕ್ಕೆ ಇಥಿಯೋಪಿಯಾದ ಜನಪ್ರಿಯ ಸಂಗೀತಕ್ಕೆಲ್ಲ ಅಕಾರ್ಡಿಯನ್ ಬೇಕಿತ್ತು. 1970ರ ಹೊತ್ತಿಗೆ ಎಲೆಕ್ಟ್ರಿಕ್ ಆರ್ಗನ್ ಬಂದು ಅದನ್ನು ಮೂಲೆಗೆ ತಳ್ಳಿತು. ಹಾಗೆ ತಳ್ಳಿದವರಲ್ಲಿ ಆರ್ಗನ್ ವಾದಕ ಮೆರ್ಗಿಯಾ ಕೂಡ ಒಬ್ಬರು ಎನ್ನಬಹುದು. ಪರದೇಶದಲ್ಲಿ ಕೂತಾಗ ಅವರಿಗೆ ಆ ಹಳೆಯ ದನಿಯೇ ಬೇಕೆನಿಸಿತು.

ಜೊತೆಗೆ ನುಡಿಸಲು ಬ್ಯಾಂಡ್ ಇಲ್ಲ. ಡ್ರಮ್ಸಿನ ಜಾಗಕ್ಕೆ ಡ್ರಮ್ ಯಂತ್ರ, ಉಳಿದದ್ದಕ್ಕೆ ರೋಡ್ಸ್ ಎಲೆಕ್ಟ್ರಿಕ್ ಪಿಯಾನೊ, ಮೂಗ್ ಸಿಂಥಸೈಜರ್, ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಯಮಹಾ ಡಿಎಕ್ಸ್7. ಎಲ್ಲವನ್ನೂ ಒಬ್ಬರೇ ಒಂದರ ಮೇಲೊಂದರಂತೆ ಪದರ ಪದರವಾಗಿ ನುಡಿಸಿ ಸೇರಿಸಿದರು. ರಾಗಗಳು ಹೆಚ್ಚಾಗಿ ಅವರ ತಂದೆ ತಾಯಿಯ ಕಾಲದ ಜನಪದ ಧುನ್‌ಗಳು. ‘ಶಿಲೆಲಾ’ ಎಂಬ ತುಣುಕು ಯುದ್ಧಕ್ಕೆ ಹೊರಟ ವೀರರು ಎದೆ ತಟ್ಟಿ ಹಾಡುತ್ತಿದ್ದ ಪ್ರಕಾರದ್ದು. ಅದನ್ನು ಮೆರ್ಗಿಯಾ ಯಂತ್ರದ ತಣ್ಣನೆಯ ತಾಳಕ್ಕೆ ಕೂರಿಸಿದ ಪರಿ ಕೇಳಿದರೆ ಒಮ್ಮೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ತಾಳ ಯಾರಿಗೂ ಕಾಯುವುದಿಲ್ಲ. ಅದರ ಮೇಲೆ ಅಕಾರ್ಡಿಯನ್ ಮಾತ್ರ ತನ್ನಿಷ್ಟದಂತೆ ತಡವರಿಸುತ್ತ, ಗಮಕ ಹಾಕುತ್ತ, ಸಾಲಿನ ಕೊನೆಯನ್ನು ಎಳೆದು ಬಿಡುತ್ತ ಸಾಗುತ್ತದೆ. ‘ಚೆ ಬೆಲೆವ್’ ಹೆಚ್ಚು ಪರಿಪಕ್ವ ಆಲ್ಬಂ ಎಂದು ಬಲ್ಲವರು ವಾದಿಸುತ್ತಾರೆ. ನನ್ನ ಮತ ಈ ಒಂಟಿ ಕ್ಯಾಸೆಟ್ಟಿಗೇ. ಹಿಲ್ಟನ್ನಿನಲ್ಲಿ ಯಾರನ್ನಾದರೂ ಮೆಚ್ಚಿಸಬೇಕಿತ್ತು. ಇಲ್ಲಿ ಎದುರಿಗೆ ಯಾರೂ ಇಲ್ಲ.

ಕರ್ನಾಟಕ ಸಂಗೀತದ ಕಿವಿ ಇರುವವರಿಗೆ ಈ ಆಲ್ಬಂನಲ್ಲಿ ಇನ್ನೊಂದು ಸುಖ ಕಾದಿದೆ. ಇಥಿಯೋಪಿಯಾದ ಎತ್ತರದ ನಾಡಿನ ಸಂಗೀತ ನಿಂತಿರುವುದು ಐದೈದು ಸ್ವರಗಳ ನಾಲ್ಕು ಮುಖ್ಯ ಶ್ರೇಣಿಗಳ ಮೇಲೆ: ತಿಝಿತಾ, ಬಾತಿ, ಅಂಬಾಸೆಲ್, ಅಂಚಿಹೋಯೆ. ತಿಝಿತಾದ ಒಂದು ರೂಪದ ಸ್ವರಗಳು ಸರಿಯಾಗಿ ನಮ್ಮ ಮೋಹನದವು, ಸ ರಿ ಗ ಪ ದ. ಅಂಬಾಸೆಲ್‌ನಲ್ಲಿ ಗಾಂಧಾರ, ನಿಷಾದಗಳಿಲ್ಲ. ಶುದ್ಧ ರಿಷಭ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ. ಕರ್ನಾಟಕ ಶುದ್ಧ ಸಾವೇರಿ ಬಲ್ಲವರು ಕಿವಿ ನಿಮಿರಿಸುತ್ತಾರೆ. ‘ಅಂಬಾಸೆಲ್’ ಎಂಬ ಹೆಸರಿನ ತುಣುಕೇ ಈ ಕ್ಯಾಸೆಟ್ಟಿನಲ್ಲಿದೆ. ಹಾಗೆಂದು ಇವೆಲ್ಲ ನಮ್ಮಿಂದಲೇ ಹೋದವು ಎಂದು ಹೊರಡುವ ಅಗತ್ಯವಿಲ್ಲ. ಐದು ಸ್ವರಗಳ ಶ್ರೇಣಿ ಜಗತ್ತಿನ ಬಹಳ ಕಡೆ ತಾನಾಗಿ ಹುಟ್ಟಿದೆ. ನಮ್ಮ ಕಿವಿಗೆ ದಾರಿ ಹತ್ತಿರವಾಗುತ್ತದೆ, ಅಷ್ಟೇ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಅವರ ಜೊತೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ‘ಜ್ಯೋತಿ’ ಆಲ್ಬಂ ಮುದ್ರಿಸಿದ್ದು 1983ರಲ್ಲಿ, ಮೆರ್ಗಿಯಾರ ಕ್ಯಾಸೆಟ್ಟಿಗೆ ಎರಡೇ ವರ್ಷ ಮೊದಲು. ಅದನ್ನು ಕೇಳಿ ಬೆಳೆದವರಿಗೆ ರಾಗ ಮತ್ತು ಜಾಝ್ ಒಂದೇ ಚಾವಡಿಯಲ್ಲಿ ಕೂರುವುದು ಹೊಸದಲ್ಲ.

ಮತ್ತೆ ವಾಷಿಂಗ್ಟನ್‌ಗೆ. 1990ರ ದಶಕದ ಆರಂಭದಲ್ಲಿ ಮೆರ್ಗಿಯಾ ವೇದಿಕೆ ಬಿಟ್ಟರು, ದಶಕದ ಕೊನೆಗೆ ಟ್ಯಾಕ್ಸಿ ಹಿಡಿದರು. ವಿಮಾನ ನಿಲ್ದಾಣದ ಟ್ಯಾಕ್ಸಿ ಎಂದರೆ ಓಡಿಸುವುದಕ್ಕಿಂತ ಕಾಯುವುದು ಹೆಚ್ಚು. ಒಂದು ಬಾಡಿಗೆ ಮುಗಿಸಿ ಬಂದು ಸಾಲಿನಲ್ಲಿ ನಿಂತರೆ ಮುಂದಿನದಕ್ಕೆ ಗಂಟೆಗಳೇ ಹಿಡಿಯಬಹುದು. ಗಾಡಿಯ ಡಿಕ್ಕಿಯಲ್ಲಿ ಬ್ಯಾಟರಿಯಿಂದ ನಡೆಯುವ ಕೀಬೋರ್ಡ್ ಒಂದನ್ನು ಇಟ್ಟುಕೊಂಡಿದ್ದರು. ಸಾಲು ಕದಲುವವರೆಗೆ ಹಿಂದಿನ ಸೀಟಿನಲ್ಲಿ ಕೂತು ಅದನ್ನು ನುಡಿಸುತ್ತಿದ್ದರು. ಸಂಗೀತ ಬಿಟ್ಟಿದ್ದರು ಎಂದು ಬರೆದವರೆಲ್ಲ ತಪ್ಪು ಬರೆದರು, ಬಿಟ್ಟದ್ದು ಸಭೆಯನ್ನು.

ಈ ನಡುವೆ ಹೊರಗಿನ ಲೋಕ ನಿಧಾನವಾಗಿ ಇಥಿಯೋಪಿಯಾದ ಕಡೆ ತಿರುಗುತ್ತಿತ್ತು. ಫ್ರಾನ್ಸಿನ ಫ್ರಾನ್ಸಿಸ್ ಫಾಲ್ಸೆಟೊ 1997ರಲ್ಲಿ ಆರಂಭಿಸಿದ ‘ಎಥಿಯೋಪಿಕ್’ ಸಿಡಿ ಮಾಲಿಕೆ ಆ ದೇಶದ 1960–70ರ ದಶಕಗಳ ಮುದ್ರಣಗಳನ್ನು ಒಂದೊಂದಾಗಿ ಹೊರತಂದಿತು. 2005ರಲ್ಲಿ ಜಿಮ್ ಜಾರ್ಮುಶ್ ತಮ್ಮ ‘ಬ್ರೋಕನ್ ಫ್ಲವರ್ಸ್’ ಚಿತ್ರದಲ್ಲಿ ಮುಲಾತು ಅಸ್ತಾತ್ಕೆ ಅವರ ಸಂಗೀತ ಬಳಸಿದ ಮೇಲಂತೂ ಇಥಿಯೋ ಜಾಝ್ ಯುರೋಪಿನ ಕಾಫಿ ಅಂಗಡಿಗಳಲ್ಲೂ ಕೇಳತೊಡಗಿತು. ಆದರೆ ಆ ಆಸಕ್ತಿಯೆಲ್ಲ ಕ್ರಾಂತಿಗೆ ಮುಂಚಿನ ‘ಸುವರ್ಣ ಯುಗ’ದ್ದು: ಹಿತ್ತಾಳೆ ವಾದ್ಯಗಳು, ಎಲ್‌ಪಿಗಳು, ಸೂಟು ತೊಟ್ಟ ಗಾಯಕರು. 1980ರ ದಶಕದ ಅಗ್ಗದ ಕ್ಯಾಸೆಟ್ಟು, ಸಿಂಥಸೈಜರ್ ಎಂದರೆ ಸಂಗ್ರಾಹಕರಿಗೆ ಅಸಡ್ಡೆ. ಸಿಂಥಸೈಜರ್ ಬಂದು ಸಂಗೀತ ಕೆಟ್ಟಿತು ಎಂಬ ಗೊಣಗಾಟ ನಮ್ಮಲ್ಲೂ ಪರಿಚಿತವೇ.

ಆ ಅಸಡ್ಡೆ ಇಲ್ಲದಿದ್ದವರು ಬ್ರಯಾನ್ ಶಿಮ್ಕೊವಿಟ್ಜ್. ಘಾನಾದಲ್ಲಿ ಸಂಗೀತದ ಅಧ್ಯಯನಕ್ಕೆಂದು ಹೋಗಿದ್ದ ಈ ಅಮೆರಿಕನ್ ಸಂತೆಗಳಲ್ಲಿ ಸಿಕ್ಕ ಕ್ಯಾಸೆಟ್ಟುಗಳನ್ನು ಗುಡ್ಡೆ ಹಾಕಿಕೊಂಡು ಮರಳಿದ್ದರು. 2006ರಿಂದ ಅವನ್ನು ಅಂತರ್ಜಾಲದಲ್ಲಿ ಹಂಚಿ, ಆಮೇಲೆ ‘ಆಸಮ್ ಟೇಪ್ಸ್ ಫ್ರಮ್ ಆಫ್ರಿಕಾ’ ಎಂಬ ಕಂಪನಿಯನ್ನೇ ಮಾಡಿದರು. ಇಥಿಯೋಪಿಯಾದ ತಾನಾ ಸರೋವರದ ದಡದ ಬಹಿರ್ ದಾರ್ ಪಟ್ಟಣದಲ್ಲಿ ಅವರ ಕೈಗೆ ಮೆರ್ಗಿಯಾರ 1985ರ ಕ್ಯಾಸೆಟ್ಟು ಬಿತ್ತು. ಹೆಸರು ಹಿಡಿದು ಹುಡುಕಿದಾಗ ಮನುಷ್ಯ ಅಮೆರಿಕದಲ್ಲೇ ಸಿಕ್ಕರು. ಫೋನ್ ಮಾಡಿದರು. ಮಾತು ಕುದುರಿತು.

ಕುದುರಿದ ಮಾತಿನ ವಿವರವೇ ಮುಖ್ಯ. ಈ ಕಂಪನಿ ಲಾಭವನ್ನು ಕಲಾವಿದರೊಂದಿಗೆ ಅರ್ಧರ್ಧ ಹಂಚಿಕೊಳ್ಳುತ್ತದೆ. ದೊಡ್ಡ ಕಂಪನಿಗಳಲ್ಲಿ ವಾದಕನಿಗೆ ಸಿಗುವ ಪಾಲಿಗೆ ಹೋಲಿಸಿದರೆ ಇದು ಬೇರೆಯೇ ಲೆಕ್ಕ. ಅದಕ್ಕಿಂತ ಮುಖ್ಯವಾಗಿ, ಕ್ಯಾಸೆಟ್ಟಿನ ಮೇಲೆ ಬೇರಾವ ಕಂಪನಿಯ ಹಿಡಿತವೂ ಇಲ್ಲದ ಕಾರಣ ‘ಆಗಲಿ’ ಎನ್ನುವ ಅಧಿಕಾರ ಮೆರ್ಗಿಯಾರ ಬಳಿಯೇ ಇತ್ತು. ಹಿಲ್ಟನ್ ಕಾಲದಲ್ಲಿ ವಾದ್ಯ ತಮ್ಮದಾಗಿರಬೇಕು ಎಂದು ಕಂಡುಕೊಂಡ ಬ್ಯಾಂಡಿನ ಮನುಷ್ಯ, ಮುದ್ರಣವನ್ನೂ ತನ್ನದಾಗಿಯೇ ಉಳಿಸಿಕೊಂಡಿದ್ದರು. ಇದು ಯೋಜಿಸಿ ಮಾಡಿದ್ದೇನೂ ಆಗಿರಲಾರದು. ಒಬ್ಬರೇ ಮಾಡಿದ್ದರಿಂದ ಹಾಗಾಯಿತು. ಆದರೂ ಫಲ ಕೊಟ್ಟಿತು.

ಇನ್ನು ಕ್ಯಾಸೆಟ್ಟಿನಿಂದ ಎಲ್‌ಪಿ ಮಾಡುವ ಕೆಲಸ. ಸ್ಟುಡಿಯೊದ ಮೂಲ ರೀಲು ಇದ್ದರೆ ಅದು ಆದರ್ಶ. ಇಲ್ಲದಿದ್ದರೆ ಅಂಗಡಿಯಲ್ಲಿ ಮಾರಾಟವಾದ ಪ್ರತಿಯೇ ಗತಿ; ಆಫ್ರಿಕಾದ ಕ್ಯಾಸೆಟ್ ಕಾಲದ ಸಂಗೀತದಲ್ಲಿ ಹೀಗಾಗುವುದು ತೀರ ಸಾಮಾನ್ಯ. ಆಗ ಒಳ್ಳೆಯ ಡೆಕ್ಕಿನಲ್ಲಿ ಟೇಪ್ ಹಾಕಿ, ಅದು ಹೆಡ್ಡಿಗೆ ತಾಗುವ ಕೋನವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಸರಿಯಾದ ಜಾಗ ಹುಡುಕಬೇಕು. ಕೋನ ತಪ್ಪಿದರೆ ಮೇಲಿನ ಸ್ಥಾಯಿಯ ಸ್ವರಗಳೆಲ್ಲ ಕಂಬಳಿ ಹೊದ್ದಂತೆ ಮಂಕಾಗುತ್ತವೆ. ಟೇಪಿನ ವೇಗ ಸರಿಯೇ ಎಂದು ಶ್ರುತಿ ಹಿಡಿದು ನೋಡಬೇಕು. ಹಿನ್ನೆಲೆಯ ಸರ್ ಸದ್ದನ್ನು ಎಷ್ಟು ತೆಗೆಯಬೇಕು ಎಂಬುದು ಕೊನೆಯ, ಕಷ್ಟದ ತೀರ್ಮಾನ. ಪೂರ್ತಿ ತೆಗೆಯಲು ಹೋದರೆ ಅಕಾರ್ಡಿಯನ್ನಿನ ಉಸಿರೂ ಹೋಗುತ್ತದೆ. ಮರುಬಿಡುಗಡೆಯಾದ ‘ಶೆಮೊನ್ಮುವನಾಯೆ’ಯಲ್ಲಿ ಹಳೆಯ ಮುದ್ರಣದ ಮಬ್ಬು ಸ್ವಲ್ಪ ಉಳಿದಿದೆ. ಉಳಿಸಿದ್ದು ಸರಿ.

ವೇಗದ ಮಾತು ಬಂದಾಗ ‘ಕೈಂಡ್ ಆಫ್ ಬ್ಲೂ’ ನೆನೆಯದಿರಲಾಗದು. ಮೈಲ್ಸ್ ಡೇವಿಸ್ ಅವರ 1959ರ ಆ ಆಲ್ಬಂನ ಮೊದಲ ಮೂರು ತುಣುಕುಗಳನ್ನು ಮುದ್ರಿಸಿದ ದಿನ ರೆಕಾರ್ಡಿಂಗ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ಸರಿಯಾದ ವೇಗದ ಯಂತ್ರದಲ್ಲಿ ಹಾಕಿದಾಗ ಸಂಗೀತ ಇರಬೇಕಾದ್ದಕ್ಕಿಂತ ತುಸು ಏರು ಶ್ರುತಿಯಲ್ಲಿ ಕೇಳಿಸುತ್ತಿತ್ತು. 1990ರ ದಶಕದ ಮರುಬಿಡುಗಡೆಗಳಲ್ಲಿ ಅದನ್ನು ಸರಿಪಡಿಸುವವರೆಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ಅದನ್ನು ತಪ್ಪು ಶ್ರುತಿಯಲ್ಲೇ ಕೇಳಿತು, ಎಷ್ಟೋ ವಾದಕರು ಆ ಮುದ್ರಣದ ಜೊತೆ ನುಡಿಸಿಯೇ ಕಲಿತರು.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಎದ್ದದ್ದು ಅಮೆರಿಕದ ಜಾಝ್ ವಾದಕಿ ಆಲಿಸ್ ಕೋಲ್ಟ್ರೇನ್ ಅವರ ವಿಷಯದಲ್ಲಿ. ತಮ್ಮ ಆಶ್ರಮವಾಸಿಗಳಿಗೆಂದು ಅವರು 1982ರಲ್ಲಿ ‘ತುರಿಯಾ ಸಿಂಗ್ಸ್’ ಎಂಬ ಭಜನೆಗಳ ಕ್ಯಾಸೆಟ್ ತಂದಿದ್ದರು. ಅದರಲ್ಲಿ ತಂತಿವಾದ್ಯಗಳ, ಸಿಂಥಸೈಜರ್‌ಗಳ ದಟ್ಟ ಹಿನ್ನೆಲೆ ಇತ್ತು. 2021ರಲ್ಲಿ ಮಗ ರವಿ ಕೋಲ್ಟ್ರೇನ್ ಅದೆಲ್ಲ ಇಲ್ಲದ, ತಾಯಿಯ ದನಿ ಮತ್ತು ಆರ್ಗನ್ ಮಾತ್ರ ಇರುವ ರೂಪವನ್ನು ಬಿಡುಗಡೆ ಮಾಡಿದರು. ಕೇಳಲು ಅದ್ಭುತವಾಗಿದೆ. ಆದರೆ ತಾಯಿ 2007ರಲ್ಲೇ ತೀರಿಕೊಂಡಿದ್ದರು. ತಾನು ಹೊರತಂದ ರೂಪವನ್ನೇ ಉಳಿಸಿ ಎಂದು ಹೇಳಲು ಅವರಿರಲಿಲ್ಲ. ಮೆರ್ಗಿಯಾರ ವಿಷಯದಲ್ಲಿ ಈ ಗೊಂದಲವೇ ಹುಟ್ಟಲಿಲ್ಲ. ಕೇಳಬೇಕಾದ್ದನ್ನು ಅವರನ್ನೇ ಕೇಳಬಹುದಿತ್ತು.

ಮರುಬಿಡುಗಡೆ ಬಂದ ವರ್ಷವೇ ಮೆರ್ಗಿಯಾ ಮತ್ತೆ ವೇದಿಕೆ ಹತ್ತಿದರು. ಯುರೋಪಿನ ಸಭಾಂಗಣಗಳಲ್ಲಿ ಅವರ ಮೊಮ್ಮಕ್ಕಳ ವಯಸ್ಸಿನವರು ಬಂದು ಕೂತರು. ವಾಷಿಂಗ್ಟನ್ನಿಗೆ ಮರಳಿದಾಗ ಕೆಲಕಾಲ ಟ್ಯಾಕ್ಸಿಯನ್ನೂ ಓಡಿಸಿದರು. ಸಂಗೀತದ ವರಮಾನ ಹೇಗೆ ಏರಿಳಿಯುತ್ತದೆ ಎಂದು ಅವರಷ್ಟು ಬಲ್ಲವರಿಲ್ಲ. ‘ಚೆ ಬೆಲೆವ್’ 2014ರಲ್ಲಿ, ದಹ್ಲಾಕ್ ಬ್ಯಾಂಡಿನ ಜೊತೆ 1978ರಲ್ಲಿ ಮಾಡಿದ್ದ ‘ವೆದೆ ಹರೆರ್ ಗುಝೊ’ 2016ರಲ್ಲಿ ಮತ್ತೆ ಬಂದವು. ಇಷ್ಟೇ ಆಗಿದ್ದರೆ ಹಳೆಯದರ ಮಾರಾಟ ಎನ್ನಬಹುದಿತ್ತು. 2018ರಲ್ಲಿ ‘ಲಾಲಾ ಬೆಲು’ ಬಂತು. ಅದು ಹೊಸ ಆಲ್ಬಂ. ಜೊತೆಗೆ ನುಡಿಸಿದವರು ಆಸ್ಟ್ರೇಲಿಯಾ ಮೂಲದ ಡ್ರಮ್ಸ್ ವಾದಕ ಟೋನಿ ಬಕ್ ಮತ್ತು ಬಾಸ್ ವಾದಕ ಮೈಕ್ ಮಾಯ್ಕೋವ್‌ಸ್ಕಿ. ಡ್ರಮ್ ಯಂತ್ರದ ಜಾಗಕ್ಕೆ ಮನುಷ್ಯರು ಬಂದಿದ್ದರು. 2020ರಲ್ಲಿ ‘ಯೆನೆ ಮಿರ್ಚಾ’, 2023ರಲ್ಲಿ ನ್ಯೂಯಾರ್ಕ್ ಕಛೇರಿಯೊಂದರ ಮುದ್ರಣ.

ಮರುಬಿಡುಗಡೆಯ ಬೆಲೆ ಕಟ್ಟಲು ನನಗೆ ಇದಕ್ಕಿಂತ ಒಳ್ಳೆಯ ಅಳತೆ ಗೊತ್ತಿಲ್ಲ: ಅದರ ನಂತರ ಆ ಸಂಗೀತಗಾರ ಹೊಸದೇನನ್ನು ನುಡಿಸಿದ? ದಪ್ಪ ರಟ್ಟಿನ ಪೆಟ್ಟಿಗೆ, ಬಣ್ಣದ ಪುಸ್ತಿಕೆ, ಸಂಖ್ಯೆ ಹಾಕಿದ ಸೀಮಿತ ಪ್ರತಿ ಎಲ್ಲವೂ ಸಂಗ್ರಾಹಕನ ಕಪಾಟಿಗೆ. ಗಿರ್ಮಾ ಬೆಯೆನೆ ಅವರ ಕಥೆಯೂ ಮೆರ್ಗಿಯಾರ ಕಥೆಯಂತೆಯೇ ತಿರುಗಿತು. ಇಥಿಯೋಪಿಯಾಕ್ಕೆ ಮರಳಿದ ಅವರು 2017ರಲ್ಲಿ ಫ್ರಾನ್ಸಿನ ಅಕಲೆ ವುಬೆ ಬ್ಯಾಂಡಿನ ಜೊತೆ ಹೊಸ ಆಲ್ಬಂ ಹೊರತಂದರು. ಆದರೆ ಅದೇ ಪೀಳಿಗೆಯ ಬಹಳ ಜನರಿಗೆ ಆ ಫೋನ್ ಕರೆ ಬರಲೇ ಇಲ್ಲ, ಅಥವಾ ಬರುವ ಹೊತ್ತಿಗೆ ಎತ್ತಿಕೊಳ್ಳಲು ಅವರಿರಲಿಲ್ಲ.

ಕೇಳಬೇಕೆನಿಸಿದವರಿಗೆ ಒಂದು ಸಲಹೆ. ‘ಶೆಮೊನ್ಮುವನಾಯೆ’ ಸ್ಟ್ರೀಮಿಂಗ್ ತಾಣಗಳಲ್ಲಿ ಸುಲಭವಾಗಿ ಸಿಗುತ್ತದೆ. ಶೀರ್ಷಿಕೆಯ ತುಣುಕಿನಿಂದಲೇ ಶುರುಮಾಡಿ, ‘ಅಂಬಾಸೆಲ್’ ಬಂದಾಗ ಒಂದು ಶ್ರುತಿ ಪೆಟ್ಟಿಗೆ ಹತ್ತಿರ ಇಟ್ಟುಕೊಂಡು ಸ್ವರ ಹುಡುಕಿ. ಆಮೇಲೆ ನೇರವಾಗಿ ‘ಲಾಲಾ ಬೆಲು’ವಿನ ಕೊನೆಯ ತುಣುಕಿಗೆ ಹೋಗಿ, ಅದರಲ್ಲಿ ಮೆರ್ಗಿಯಾ ಪಿಯಾನೊ ಮುಂದೆ ಒಬ್ಬರೇ ಇದ್ದಾರೆ. ಇಷ್ಟವಾದರೆ ಕಂಪನಿಯಿಂದಲೇ ಒಂದು ಪ್ರತಿ ಕೊಳ್ಳಿ. ಅದರ ಲಾಭದಲ್ಲಿ ಅರ್ಧ ಅವರಿಗೆ ಹೋಗುತ್ತದೆ.